ಹಬ್ಬಲಿ, ಹದ್ದು ಮೀರದಿರಲಿ

ಮುಂಗಾರು ಶುರುವಾಗುತ್ತಿದ್ದಂತೆ ನರ್ಸರಿಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆಯೊಂದಿದೆ: ‘ಬೇಗ ಹಬ್ಬೋ ಗಿಡ ಏನಾದ್ರೂ ಇದೆಯಾ?’ ಕೇಳುವವರು ಹೊಸ ಮನೆ ಕಟ್ಟಿಸಿದವರಿರಬಹುದು, ಮನೆ ಹಿಂದಿನ ಗುಡ್ಡವನ್ನು ಜೆಸಿಬಿಯಲ್ಲಿ ಕಡಿಸಿದವರಿರಬಹುದು, ಮಾವಿನ ಮರದಡಿ ಹಾಕಿಸಿದ ಹುಲ್ಲುಹಾಸು ನೆರಳಿಗೆ ಬಾಡಿ ಬೋಳಾದದ್ದನ್ನು ನೋಡಿ ಬೇಸತ್ತವರಿರಬಹುದು. ಎಲ್ಲರಿಗೂ ಬೇಕಾದ್ದು ವರ್ಷವಿಡೀ ಹಸಿರಾಗಿದ್ದು, ಮೊಣಕಾಲೆತ್ತರ ಮೀರದೆ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬದುಕಿ, ಬರಿ ನೆಲವನ್ನು ಮುಚ್ಚುವ ಗಿಡ. ತೋಟಗಾರಿಕೆಯವರು ಇಂಥವನ್ನು ನೆಲಹೊದಿಕೆ ಎನ್ನುತ್ತಾರೆ. ನರ್ಸರಿಯವರ ಬಾಯಲ್ಲಿ ಅದು ‘ಗ್ರೌಂಡ್ ಕವರ್’. ನೆಲವನ್ನು ಬರಿದಾಗಿ ಬಿಡಬಾರದು ಎಂಬ ತಿಳಿವು ಜನರಲ್ಲಿ ಮೂಡಿರುವುದು ನಿಜಕ್ಕೂ ಸಂತೋಷದ ಸಂಗತಿ. ನನ್ನ ತಕರಾರಿರುವುದು ಆ ‘ಬೇಗ’ದ ಬಗ್ಗೆ. ನೆಲಹೊದಿಕೆಯ ಗಿಡಕ್ಕೆ ಬೇಗ ಹಬ್ಬುವುದೊಂದು ದೋಷ. ಎಷ್ಟು ದಿನದಲ್ಲಿ ಹಬ್ಬುತ್ತದೆ ಎಂದು ಕೇಳುವ ಮೊದಲು, ಎಲ್ಲಿ ನಿಲ್ಲುತ್ತದೆ ಎಂದು ಕೇಳಬೇಕು.

ಮೊದಲಿಗೆ, ನೆಲ ಮುಚ್ಚುವುದು ಏಕೆ ಮುಖ್ಯ ಎಂಬುದನ್ನು ನೋಡೋಣ. ಜೂನ್ ತಿಂಗಳಲ್ಲಿ ಸುಣ್ಣ ಬಳಿದ ಯಾವುದಾದರೂ ಕಾಂಪೌಂಡ್ ಗೋಡೆಯ ಬುಡಕ್ಕೆ ಹೋಗಿ ನಿಲ್ಲಿ. ಪಕ್ಕದ ನೆಲ ಬರಿದಾಗಿದ್ದರೆ ಗೋಡೆಯ ಮೇಲೆ ಒಂದೂವರೆ ಎರಡು ಅಡಿ ಎತ್ತರದವರೆಗೆ ಕೆಮ್ಮಣ್ಣಿನ ಚುಕ್ಕೆ ತುಂಬಿರುತ್ತದೆ. ದೊಡ್ಡ ಮಳೆಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ನೆಲಕ್ಕೆ ಬಡಿಯುತ್ತದೆ. ಆ ಪೆಟ್ಟಿಗೆ ಮಣ್ಣಿನ ಹರಳು ಒಡೆದು, ಸಣ್ಣ ಕಣಗಳು ಸಿಡಿದು, ಒಂದಿಷ್ಟು ಗೋಡೆಗೆ ಅಂಟುತ್ತವೆ, ಉಳಿದವು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತು ಅವನ್ನು ಮುಚ್ಚಿಬಿಡುತ್ತವೆ. ಮೇಲ್ಮೈ ಮೆತ್ತಿದ ಹಾಗಾಗುತ್ತದೆ. ನಂತರ ಬೀಳುವ ಮಳೆಗೆ ಇಂಗಲು ದಾರಿಯಿಲ್ಲ, ಹರಿದು ಹೋಗುತ್ತದೆ, ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಮಿಲಿಮೀಟರ್ ಮಣ್ಣು ಕೊಚ್ಚಿ ಹೋಗುವುದು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಎಕರೆ ಲೆಕ್ಕದಲ್ಲಿ ಅದು 5 ಟನ್ನಿಗೂ ಹೆಚ್ಚು. ಹೋಗುವುದು ಯಾವಾಗಲೂ ಮೇಲಿನ ಪದರ. ಗೊಬ್ಬರದಂಶ, ಜೀವಾಣು, ನಾವು ವರ್ಷಗಟ್ಟಲೆ ಹಾಕಿದ ಸೊಪ್ಪು ಸದೆ ಎಲ್ಲ ಇರುವುದು ಆ ಪದರದಲ್ಲೇ.

ಎಲೆಯೊಂದು ಅಡ್ಡ ಬಂದರೆ ಸಾಕು, ಹನಿಯ ಪೆಟ್ಟು ಅಲ್ಲಿಗೇ ಮುಗಿಯಿತು. ಅದೂ ನೆಲಕ್ಕೆ ತಾಗಿದಂತಿರುವ ಎಲೆಯಾಗಬೇಕು. ಎತ್ತರದ ಮರದ ಎಲೆಯಿಂದ ಸೇರಿ ಬೀಳುವ ಹನಿ ಕೆಲವೊಮ್ಮೆ ಮಳೆಹನಿಗಿಂತಲೂ ದಪ್ಪ. ಮರವಿದ್ದ ಮಾತ್ರಕ್ಕೆ ಕೆಳಗಿನ ಮಣ್ಣು ಕ್ಷೇಮ ಎಂದಲ್ಲ. ತೇಗದ ನೆಡುತೋಪಿನ ಬೋಳು ನೆಲವನ್ನು ಮಳೆಗಾಲದಲ್ಲಿ ನೋಡಿದವರಿಗೆ ಇದು ಗೊತ್ತು.

ಕಾಳುಮೆಣಸು ಬೆಳೆಯುವವರಿಗೆ ಈ ಸಿಡಿತದ ಬಿಸಿ ಬೇರೆಯದೇ ರೀತಿಯಲ್ಲಿ ತಟ್ಟಿದೆ. ಬಳ್ಳಿಯನ್ನು ವಾರಗಳಲ್ಲೇ ಕೊಲ್ಲುವ ಸೊರಗು ರೋಗದ ಫೈಟಾಫ್ಥೊರಾ ರೋಗಾಣು ಇರುವುದು ಮಣ್ಣಿನಲ್ಲಿ. ಮಳೆಹನಿಗೆ ಸಿಡಿದ ಮಣ್ಣು ಬುಡದ ಹಂಬುಗಳಿಗೆ, ಕೆಳಗಿನ ಎಳೆ ಎಲೆಗಳಿಗೆ ಅಂಟಿದಾಗ ಅಲ್ಲಿಂದಲೇ ರೋಗ ಮೇಲೇರುತ್ತದೆ. ಮಳೆಗಾಲದಲ್ಲಿ ಬಳ್ಳಿಯ ಬುಡ ಕೆರೆದು ಚೊಕ್ಕಟ ಮಾಡಬೇಡಿ, ಕಳೆಯನ್ನು ಬೇರು ಸಮೇತ ಕೀಳದೆ ಸವರಿ ಬಿಡಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಇದಕ್ಕೇ. ಬುಡ ಬೋಳಾಗಿ ಕಂಡರೆ ತೋಟ ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಹೊಗಳುವ ನಮ್ಮ ರೂಢಿ ಬದಲಾಗಬೇಕು.

ಮಲೆನಾಡಿನ ಅಡಿಕೆ ಬೆಳೆಗಾರರು ನೆಲ ಮುಚ್ಚುವುದರಲ್ಲಿ ಪಳಗಿದವರು. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಮರದ ಬುಡಕ್ಕೆ ಮುಚ್ಚಿಗೆ ಮಾಡುವ ಪದ್ಧತಿ ತಲೆಮಾರುಗಳಿಂದ ಬಂದದ್ದು. ಆದರೆ ಇಂದು ಸೊಪ್ಪು ಕಡಿಯಲು, ಹೊರಲು ಆಳು ಸಿಗುವುದಿಲ್ಲ. ನಗರದ ಮನೆಯಂಗಳಕ್ಕಂತೂ ದರಕು ಎಲ್ಲಿಂದ ಬರಬೇಕು? ಜೀವಂತ ಹೊದಿಕೆಯ ಅಗತ್ಯ ಹುಟ್ಟುವುದು ಇಲ್ಲಿ. ಅದು ಪ್ರತಿವರ್ಷ ಹೊಸದಾಗಿ ಹಾಸಬೇಕಾದ್ದಲ್ಲ, ತಾನೇ ಹಳೆಯ ಎಲೆ ಉದುರಿಸಿ ಹೊಸದನ್ನು ತೊಡುತ್ತದೆ. ಬೇಸಿಗೆಯ ನಡುಹಗಲಲ್ಲಿ ಬರಿ ನೆಲದ ಮೇಲ್ಮೈ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಹೊದಿಕೆಯಡಿ ಕೈಯಿಟ್ಟು ನೋಡಿ, ಮಣ್ಣು ತಣ್ಣಗಿರುತ್ತದೆ, ಎರೆಹುಳು ಮೇಲೆಯೇ ಸಿಗುತ್ತದೆ.

ಹಾಗಾದರೆ ಯಾವ ಗಿಡ? ನಮ್ಮಲ್ಲಿ ನೆರಳು, ತೇವ ಇರುವ ಜಾಗಕ್ಕೆ ನನ್ನ ಮೊದಲ ಆಯ್ಕೆ ಒಂದೆಲಗ. ಕರಾವಳಿಯ ತುಳುವರಿಗೆ ತಿಮರೆ, ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ; ಕೊತ್ತಂಬರಿಯ ಕುಟುಂಬಕ್ಕೆ ಸೇರಿದ್ದು. ತಂಬುಳಿಗೆಂದು ನಾಲ್ಕು ಎಲೆ ಕೀಳುವುದು ಬಿಟ್ಟರೆ ಇದನ್ನು ಅಂದದ ಗಿಡವೆಂದು ಯಾರೂ ನೋಡುವುದಿಲ್ಲ. ಬಚ್ಚಲು ನೀರು ಹರಿಯುವ ಕಡೆ ತಾನಾಗಿ ಬೆಳೆಯುವುದೆಂಬ ಸಸಾರ. ಒಮ್ಮೆ ಬಗ್ಗಿ ಒಂದು ಹಂಬನ್ನು ಮೆಲ್ಲಗೆ ಎತ್ತಿ ನೋಡಿ. ದಾರದಷ್ಟು ತೆಳುವಾದ, ತುಸು ಕೆಂಪು ಛಾಯೆಯ ಕಾಂಡ ನೆಲದ ಮೇಲೆಯೇ ಹರಿದಿರುತ್ತದೆ. ಬೆರಳುದ್ದಕ್ಕೊಂದು ಗಿಣ್ಣು. ಪ್ರತಿ ಗಿಣ್ಣಿನಿಂದಲೂ ಮೇಲಕ್ಕೆ ಉದ್ದ ತೊಟ್ಟಿನ ದುಂಡನೆಯ ಎಲೆಗಳು, ಕೆಳಕ್ಕೆ ಬಿಳಿ ಬೇರಿನ ಗೊಂಚಲು. ನಡುವೆ ಎಲ್ಲಿ ಕತ್ತರಿಸಿದರೂ ಎರಡೂ ಕಡೆಯ ಗಿಣ್ಣುಗಳು ತಮ್ಮ ಪಾಡಿಗೆ ಬದುಕುತ್ತವೆ. ಹೂವು ಎಲೆಗಳ ಅಡಿಯಲ್ಲಿ, ನೆಲಕ್ಕೆ ತಾಗಿಕೊಂಡು, ಹುಡುಕಿದರಷ್ಟೇ ಕಾಣುವಷ್ಟು ಚಿಕ್ಕದು. ನೆಲಹೊದಿಕೆಗೆ ಬೇಕಾದ ರಚನೆ ಇಷ್ಟೇ: ಮಲಗಿ ಹರಿಯುವ ಕಾಂಡ, ಗಿಣ್ಣುಗಿಣ್ಣಿಗೂ ಬೇರು. ಇದೇ ರಚನೆ ಮುಂದೆ ಹೇಳಲಿರುವ ದುಷ್ಟ ಗಿಡಕ್ಕೂ ಇದೆ. ಒಂದೆಲಗ ನಿಲ್ಲುವುದು ಹೇಗೆಂದರೆ, ಅದಕ್ಕೆ ತೇವ ಬೇಕೇ ಬೇಕು. ತೇವ ಮುಗಿದ ಕಡೆ ಅದರ ಓಟವೂ ಮುಗಿಯಿತು. ಬಿಸಿಲಿನ ಒಣ ನೆಲಕ್ಕೆ ಅದು ಕಾಲಿಡುವುದಿಲ್ಲ, ಬೇಲಿ ದಾಟಿ ಕಾಡು ಸೇರಿದರೂ ತೊಂದರೆಯಿಲ್ಲ, ಏಕೆಂದರೆ ಅದು ಇಲ್ಲಿನದೇ ಗಿಡ.

ಅಡಿಕೆ, ತೆಂಗಿನ ಮರಗಳ ನಡುವೆ, ಬಾವಿಕಟ್ಟೆಯ ಸುತ್ತ, ಬೆಂಗಳೂರಿನ ಮನೆಯಾದರೆ ಉತ್ತರದ ಗೋಡೆಯ ನೆರಳಲ್ಲಿ, ನಲ್ಲಿಯ ಬಳಿ ಒಂದೆಲಗ ಚೆನ್ನಾಗಿ ಬರುತ್ತದೆ. ಮೂರು ನಾಲ್ಕು ಅಂಗುಲದ ಮೇಲೆ ಏಳುವುದಿಲ್ಲ. ಒಂದು ಹಿಡಿ ಎಲೆ ಕಿತ್ತು ಕಾಯಿತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಕಿತ್ತಷ್ಟೂ ಹೊಸ ಎಲೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಚರಂಡಿಯ ಅಂಚಿನಲ್ಲಿ, ಕೊಳಚೆ ಸೇರುವ ಕೆರೆಯ ದಂಡೆಯಲ್ಲಿ ಬೆಳೆದದ್ದನ್ನು ಅಡುಗೆಗೆ ಬಳಸಬೇಡಿ. ಹಸಿಯಾಗಿ ರುಬ್ಬಿ ತಿನ್ನುವ ಸೊಪ್ಪು ಬೆಳೆದ ನೀರು ಚೊಕ್ಕವಾಗಿರಬೇಕು.

ಬಿಸಿಲು, ಅರೆನೆರಳು ಎರಡಕ್ಕೂ ಹೊಂದುವುದು ಪಿಂಟೊ ಪೀನಟ್. ಹೆಸರೇ ಹೇಳುವಂತೆ ನಮ್ಮ ಶೇಂಗಾದ ದಾಯಾದಿ. 1954ರಲ್ಲಿ ಬ್ರೆಜಿಲ್‌ನ ಬಾಹಿಯಾ ರಾಜ್ಯದಲ್ಲಿ ಜೆರಾಲ್ಡೊ ಪಿಂಟೊ ಎಂಬ ಸಸ್ಯವಿಜ್ಞಾನಿ ಇದನ್ನು ಸಂಗ್ರಹಿಸಿದರು; ಅವರ ಹೆಸರಿನಲ್ಲಿಯೇ ಇದು ಅರಾಕಿಸ್ ಪಿಂಟೊಯ್ ಆಯಿತು. 1987ರಲ್ಲಿ ಆಸ್ಟ್ರೇಲಿಯಾ ‘ಅಮರಿಲ್ಲೊ’ ಎಂಬ ತಳಿಯನ್ನು ಬಿಡುಗಡೆ ಮಾಡಿದ ಮೇಲೆ ಉಷ್ಣವಲಯದ ಕಾಫಿ, ಬಾಳೆ, ಹಣ್ಣಿನ ತೋಟಗಳಿಗೆಲ್ಲ ಹೊದಿಕೆಯಾಗಿ ಹರಡಿತು. ಶೇಂಗಾದಂತೆಯೇ ಎರಡು ಜೊತೆ ಎಲೆ, ರಾತ್ರಿಯಾದರೆ ಮಡಚಿಕೊಳ್ಳುತ್ತವೆ. ಬೆಳಗಾದರೆ ಹಾಸಿನ ತುಂಬ ಹಳದಿ ಹೂ. ಇದರ ದೊಡ್ಡ ಉಪಕಾರ ನೆಲದೊಳಗಿದೆ. ಒಂದು ಬೇರನ್ನು ಕಿತ್ತು ತೊಳೆದರೆ ಹೆಚ್ಚುಕಡಿಮೆ ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಅಲ್ಲಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿವೆ ಎಂದರ್ಥ. ಬಿಳಿಚಿದ್ದರೆ ಇನ್ನೂ ಕೆಲಸ ಶುರುವಾಗಿಲ್ಲ, ಬೂದು ಬಣ್ಣಕ್ಕೆ ತಿರುಗಿದ್ದರೆ ಅದರ ಕೆಲಸ ಮುಗಿದಿದೆ.

ಪಿಂಟೊ ತೀರಾ ನಿಧಾನಿ. ನೆಟ್ಟ ಮೊದಲ ಮೂರು ನಾಲ್ಕು ತಿಂಗಳು ಏನೂ ಆಗುತ್ತಿಲ್ಲವೆಂದೇ ಅನ್ನಿಸುತ್ತದೆ, ಅಷ್ಟರಲ್ಲಿ ತಾಳ್ಮೆ ಕಳೆದುಕೊಂಡು ಕಿತ್ತೆಸೆಯುವವರೇ ಹೆಚ್ಚು. ಆ ಅವಧಿಯಲ್ಲಿ ಅದು ಬೇರು ಇಳಿಸಿಕೊಳ್ಳುತ್ತಿರುತ್ತದೆ. ಎರಡನೇ ಮಳೆಗಾಲಕ್ಕೆ ಹಾಸು ಕೂಡಿಕೊಳ್ಳುತ್ತದೆ, ಆಮೇಲೆ ಕಳೆಗೆ ಅವಕಾಶವಿಲ್ಲ. ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಎಲೆ ಉದುರಿಸಿ ಮಂಕಾದರೂ ಮೊದಲ ಮಳೆಗೆ ಚಿಗುರುತ್ತದೆ. ಇದೂ ಪರದೇಶದ್ದೇ ಎಂಬುದನ್ನು ಮರೆಯಬಾರದು. ಕಾಯಿ ಕಟ್ಟುವುದು ಮಣ್ಣಿನೊಳಗಾದ್ದರಿಂದ ಬೀಜ ಗಾಳಿಗೆ ಹಾರಿಹೋಗುವುದಿಲ್ಲ. ಅಂಚು ಕತ್ತರಿಸಿಕೊಂಡರೆ ಹತೋಟಿಯಲ್ಲಿರುತ್ತದೆ. ಆದರೆ ಪೂರ್ತಿ ತೆಗೆದ ಮೇಲೂ ಒಂದೆರಡು ವರ್ಷ ಅಲ್ಲೊಂದು ಇಲ್ಲೊಂದು ಸಸಿ ಏಳುತ್ತಲೇ ಇರುತ್ತದೆ ಎಂಬುದನ್ನು ತಿಳಿದೇ ನೆಡಬೇಕು.

ಬಯಲುಸೀಮೆಯ ಸುಡು ಬಿಸಿಲಿಗೆ ಈ ಎರಡೂ ಅಷ್ಟಕ್ಕಷ್ಟೆ. ಅಲ್ಲಿಗೆ ನೆಲಹಿಪ್ಪಲಿ ಇದೆ, ಫೈಲಾ ನೋಡಿಫ್ಲೋರಾ. ಕೆರೆಯಂಗಳದಲ್ಲಿ, ಗದ್ದೆಯ ಬದುವಿನಲ್ಲಿ ನೀವು ಇದನ್ನು ತುಳಿದುಕೊಂಡೇ ಓಡಾಡಿರುತ್ತೀರಿ. ಚಮಚದಾಕಾರದ, ತುದಿಯಲ್ಲಿ ಗರಗಸದ ಹಲ್ಲಿರುವ ಚಿಕ್ಕ ಎಲೆ. ತಿಳಿನೇರಳೆ ಬಿಳುಪಿನ ಪುಟ್ಟ ಹೂಗೊಂಚಲು, ಅದರ ಸುತ್ತ ಜೇನು. ಪೀಕಾಕ್ ಪ್ಯಾನ್ಸಿ ಎಂಬ ಕಿತ್ತಳೆ ಬಣ್ಣದ, ರೆಕ್ಕೆಯಲ್ಲಿ ಕಣ್ಣಿನ ಗುರುತಿರುವ ಚಿಟ್ಟೆ ಮೊಟ್ಟೆಯಿಡುವ ಗಿಡಗಳಲ್ಲಿ ಇದೂ ಒಂದು. ಅಲ್ಪಸ್ವಲ್ಪ ತುಳಿತ ತಾಳುತ್ತದೆ, ನೀರು ನಿಂತರೂ ಸೈ, ಒಣಗಿದರೂ ಸೈ. ಇದಕ್ಕೆ ನರ್ಸರಿಯಲ್ಲಿ ಬೆಲೆಯೇ ಇಲ್ಲ, ಏಕೆಂದರೆ ಯಾರೂ ಕೇಳುವುದಿಲ್ಲ. ಕೇಳಲು ಶುರುಮಾಡಬೇಕು.

ಕಡಲಂಚಿನಲ್ಲಿ ಮನೆಯಿರುವವರಿಗೆ ಬೇರೆ ಹುಡುಕಾಟ ಬೇಡ. ಮರಳಿನ ಮೇಲೆ ಹರಿದಿರುವ ಅಡುಂಬು ಬಳ್ಳಿ, ಹಸುವಿನ ಗೊರಸಿನಂತೆ ಸೀಳಿದ ಎಲೆ, ನೇರಳೆ ಹೂವಿನದು, ಉಪ್ಪುಗಾಳಿಯನ್ನೂ ಕಾದ ಮರಳನ್ನೂ ಸಹಿಸಿ ದಿಬ್ಬ ಹಿಡಿದು ನಿಲ್ಲಿಸುತ್ತದೆ. ಅದನ್ನು ಕಸವೆಂದು ಸವರಿ ಆ ಜಾಗಕ್ಕೆ ಹುಲ್ಲುಹಾಸು ತರಿಸುವುದನ್ನು ದಯವಿಟ್ಟು ನಿಲ್ಲಿಸಬೇಕು.

ಮರದಡಿಯ ಒಣ ನೆರಳು ಕಷ್ಟದ ಜಾಗ. ಅಲ್ಲಿಗೆ ಮೊಂಡೊ ಹುಲ್ಲು ಒಪ್ಪುತ್ತದೆ, ನಿಧಾನವಾದರೂ ಅಚ್ಚುಕಟ್ಟು. ಟ್ರಾಡೆಸ್ಕಾನ್ಶಿಯಾ ಜಾತಿಯ ನೇರಳೆ, ಪಟ್ಟೆ ಎಲೆಗಳ ಗಿಡಗಳೂ ಬರುತ್ತವೆ, ಆದರೆ ಅವುಗಳ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ನಾಯಿಗಳಿಗೂ ಆಗದು. ಜಪಾನಿನ ಮಸನೊಬು ಫುಕುವೊಕಾ ತಮ್ಮ ಹೊಲ, ಕಿತ್ತಳೆ ತೋಟಗಳಲ್ಲಿ ಬೆಳೆಸಿದ ಬಿಳಿ ಕ್ಲೋವರ್ ಬಗ್ಗೆ ಕೇಳುವವರಿದ್ದಾರೆ. ಅದು ತಂಪು ಹವೆಯ ಗಿಡ, ನಮ್ಮ ಕರಾವಳಿಯ ಸೆಖೆಗೆ ಒಗ್ಗುವುದಿಲ್ಲ. ಇನ್ನು ದಕ್ಷಿಣ ಕನ್ನಡ, ಕೇರಳದ ರಬ್ಬರ್ ತೋಟಗಳಲ್ಲಿ ಹಬ್ಬಿಸುವ ಮ್ಯೂಕುನಾ ಬ್ರಾಕ್ಟಿಯೇಟಾ ಈಶಾನ್ಯ ಭಾರತದ ಮೂಲದ ಬಲವಾದ ಬಳ್ಳಿ. ಎಕರೆಗಟ್ಟಲೆ ತೋಟಕ್ಕೆ ಸರಿ, ಅಲ್ಲಿಯೂ ಸಸಿಗಳ ಮೇಲೆ ಏರದಂತೆ ಕಾಯಬೇಕು. ಮನೆಯಂಗಳಕ್ಕೆ ತರಲೇಬಾರದು.

ಈಗ ‘ಬೇಗ ಹಬ್ಬೋ ಗಿಡ’ದ ವಿಷಯ. ನರ್ಸರಿಯಲ್ಲಿ ಆ ಪ್ರಶ್ನೆ ಕೇಳಿದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ವೆಡೇಲಿಯಾ. ಹೊಳೆಯುವ ದಪ್ಪ ಹಸಿರೆಲೆ, ಸೂರ್ಯಕಾಂತಿ ಕುಟುಂಬದ ಹಳದಿ ಹೂ, ವರ್ಷವಿಡೀ ಹೂವು. ಬಿಸಿಲಾದರೂ ನೆರಳಾದರೂ, ಕೆಸರಾದರೂ ಕಲ್ಲಾದರೂ ಬೆಳೆಯುತ್ತದೆ. ರೋಗವಿಲ್ಲ, ದನ ಮುಟ್ಟುವುದು ಕಡಿಮೆ. ಕೇಳಿದರೆ ಇದಕ್ಕಿಂತ ಒಳ್ಳೆಯ ಗಿಡ ಉಂಟೇ ಎನಿಸುತ್ತದೆ. ರಸ್ತೆ ವಿಭಜಕಗಳಲ್ಲಿ, ಫ್ಲೈಓವರ್ ಕೆಳಗೆ, ಬಡಾವಣೆಗಳ ಪಾರ್ಕುಗಳಲ್ಲಿ, ರೆಸಾರ್ಟುಗಳ ಇಳಿಜಾರಿನಲ್ಲಿ ಇದನ್ನೇ ನೆಟ್ಟಿದ್ದಾರೆ. ಸ್ಫ್ಯಾಗ್ನೆಟಿಕೋಲಾ ಟ್ರೈಲೊಬೇಟಾ ಎಂಬ ಈ ಗಿಡ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕಡೆಯದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪರಿಣತರು ಸಿದ್ಧಪಡಿಸಿದ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಲಂಟಾನ, ಅಂತರಗಂಗೆ, ಆಫ್ರಿಕನ್ ಬಸವನಹುಳುಗಳ ಸಾಲಿನಲ್ಲಿ.

ಒಂದೆಲಗದಂತೆ ಇದಕ್ಕೂ ಗಿಣ್ಣಿಗೊಂದು ಬೇರು. ವ್ಯತ್ಯಾಸ ಏನೆಂದರೆ ಇದನ್ನು ನಿಲ್ಲಿಸುವಂಥದ್ದು ನಮ್ಮ ನೆಲದಲ್ಲಿ ಏನೂ ಇಲ್ಲ. ಬೀಜಕ್ಕಿಂತ ಹೆಚ್ಚಾಗಿ ತುಂಡುಗಳಿಂದಲೇ ಹರಡುತ್ತದೆ. ಪಾರ್ಕಿನಲ್ಲಿ ಕತ್ತರಿಸಿದ ರಾಶಿಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಊರಾಚೆ ಸುರಿದರೆ ಅಲ್ಲೊಂದು ಹೊಸ ವೆಡೇಲಿಯಾ ಬಯಲು. ಮಳೆನೀರಿಗೆ ಸಿಕ್ಕ ಒಂದು ತುಂಡು ತೋಡಿನ ಗುಂಟ ಇಳಿದು ಗದ್ದೆಯ ಬದು ಹತ್ತುತ್ತದೆ. ಇದರ ಎಲೆ, ಬೇರಿನಿಂದ ಒಸರುವ ರಾಸಾಯನಿಕಗಳು ಬೇರೆ ಗಿಡಗಳ ಬೀಜ ಮೊಳೆಯದಂತೆ, ಸಸಿ ಬೆಳೆಯದಂತೆ ತಡೆಯುತ್ತವೆ. ಕರಾವಳಿಯ ಹೆದ್ದಾರಿಗುಂಟ ಹಡಿಲು ಬಿದ್ದ ಗದ್ದೆಗಳನ್ನು ನೋಡುತ್ತ ಹೋಗಿ. ಒಂದೆಲಗ, ನೆಲಹಿಪ್ಪಲಿ, ಗರುಗ, ಹೊನಗೊನ್ನೆ ಎಲ್ಲ ಒಟ್ಟಿಗೆ ಇರಬೇಕಾದ ತೇವದ ನೆಲದಲ್ಲಿ ಹಳದಿ ಹೂವಿನ ಒಂದೇ ಗಿಡ ಕಣ್ಣು ಹರಿಯುವಷ್ಟು ದೂರ. ನೋಡಲು ಚಂದ. ಆ ಚಂದದಡಿ ನಮ್ಮ ಸೊಪ್ಪುಗಳು, ಅವನ್ನೇ ನಂಬಿದ ಹುಳ, ಚಿಟ್ಟೆಗಳು ನೆಲೆ ಕಳೆದುಕೊಂಡಿವೆ ಎಂಬುದು ನನಗೆ ನಿಜವಾಗಿ ಸಂಕಟದ ವಿಷಯ.

ಮನೆಯಲ್ಲಿ ಈಗಾಗಲೇ ಇದ್ದರೆ ತೆಗೆಯುವುದು ಅಸಾಧ್ಯವೇನಲ್ಲ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಬೇರು ಸಮೇತ ಕಿತ್ತು, ತುಂಡುಗಳನ್ನು ಆರಿಸಿ, ಮಣ್ಣಿಗೆ ತಾಗದಂತೆ ಸಿಮೆಂಟ್ ನೆಲದ ಮೇಲೋ ಟಾರ್ಪಾಲಿನ ಮೇಲೋ ಹರಡಿ ಗರಿಗರಿಯಾಗುವವರೆಗೆ ಒಣಗಿಸಬೇಕು. ಹಸಿಯದನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಗುಂಡಿಯೇ ಅದರ ಪಾತಿಯಾಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಮರಳಿ ಚಿಗುರಿದ್ದನ್ನು ತೆಗೆಯುತ್ತ ಒಂದು ವರ್ಷ ಬಿಡದೆ ಬೆನ್ನು ಹತ್ತಿದರೆ ಸಣ್ಣ ಅಂಗಳವನ್ನು ಬಿಡಿಸಿಕೊಳ್ಳಬಹುದು. ತೆರವಾದ ಜಾಗದಲ್ಲಿ ಕೂಡಲೇ ಬೇರೆ ಹೊದಿಕೆ ಕೂರಿಸಬೇಕು, ಇಲ್ಲವಾದರೆ ಮತ್ತೆ ಅದರದೇ ರಾಜ್ಯ.

ಇನ್ನು ಗುಡ್ಡ ಕಡಿದಲ್ಲಿ ಉಳಿಯುವ ಧರೆಯ ವಿಷಯಕ್ಕೆ ಬರೋಣ, ಏಕೆಂದರೆ ಇಲ್ಲಿ ತಪ್ಪು ನಂಬಿಕೆ ಪ್ರಾಣಕ್ಕೇ ಸಂಚಕಾರ. ಮಳೆಗಾಲದಲ್ಲಿ ಧರೆ ಕುಸಿದು ಮನೆ ಮುಚ್ಚಿಹೋದ ಸುದ್ದಿ ಕರಾವಳಿ, ಮಲೆನಾಡು, ಕೊಡಗಿನಿಂದ ಪ್ರತಿವರ್ಷ ಬರುತ್ತದೆ. ನೆಲಹೊದಿಕೆ ಗಿಡಗಳ ಬೇರು ಇಳಿಯುವುದು ಬಹುತೇಕ ಒಂದು ಅಡಿಯೊಳಗೆ. ಮಳೆಯ ಪೆಟ್ಟಿಗೆ ಮೇಲ್ಮಣ್ಣು ತೊಳೆದುಹೋಗದಂತೆ ಅವು ಕಾಯುತ್ತವೆ, ಅಷ್ಟೆ. ನೆಟ್ಟಗೆ ಕಡಿದ ಹತ್ತಡಿ ಧರೆಯನ್ನು ನಿಲ್ಲಿಸುವ ಶಕ್ತಿ ಅವುಗಳಿಗಿಲ್ಲ. ಮೊದಲು ಧರೆಯ ಮೇಲ್ಭಾಗದಲ್ಲಿ ನೀರನ್ನು ಬೇರೆಡೆ ತಿರುಗಿಸುವ ಕಣಿ ಬೇಕು. ಕಡಿತ ಮೆಟ್ಟಿಲು ಮೆಟ್ಟಿಲಾಗಿ ಅಥವಾ ಓರೆಯಾಗಿರಬೇಕು. ಅಡ್ಡ ಸಾಲುಗಳಲ್ಲಿ ಲಾವಂಚ ನೆಡಬೇಕು. ಲಾವಂಚದ ಬೇರು 3 ಮೀಟರ್ ಆಳಕ್ಕೂ ನೇರವಾಗಿ ಇಳಿಯುತ್ತದೆ. ಆ ಸಾಲುಗಳ ನಡುವಿನ ಮಣ್ಣಿಗೆ ಪಿಂಟೊ ಅಥವಾ ಅಲ್ಲಿನದೇ ಹುಲ್ಲು, ಜರೀಗಿಡ. ಮುರಕಲ್ಲಿನ ಧರೆಯಾದರೆ ಗಿಡಕ್ಕಿಂತ ಮೊದಲು ಎಂಜಿನಿಯರೊಬ್ಬರಿಗೆ ತೋರಿಸುವುದು ಒಳ್ಳೆಯದು.

ನೆಡುವ ಕ್ರಮದಲ್ಲಿ ಎಲ್ಲರೂ ಎಡವುವುದು ತಯಾರಿಯಲ್ಲಿ. ನೆಲಹೊದಿಕೆ ಕಳೆಯನ್ನು ಅಡಗಿಸುತ್ತದೆ ಎಂಬುದು ನಿಜ, ಆದರೆ ಹಾಸು ಕೂಡಿದ ಮೇಲೆ. ಅದಕ್ಕೂ ಮೊದಲು ನೆಲದಲ್ಲಿ ಜೇಕಿನ ಗಡ್ಡೆ, ಗರಿಕೆಯ ಬೇರು ಉಳಿದಿದ್ದರೆ ಅವು ಹೊಸ ಗಿಡದ ನಡುವಿನಿಂದಲೇ ತಲೆಯೆತ್ತುತ್ತವೆ, ಆಗ ಕೀಳಲು ಹೋದರೆ ಎರಡೂ ಕಿತ್ತು ಬರುತ್ತವೆ. ಆದ್ದರಿಂದ ಒಂದು ಗೇಣು ಆಳಕ್ಕೆ ಅಗೆದು, ಗಡ್ಡೆ ಬೇರುಗಳನ್ನು ಕೈಯಿಂದ ಆರಿಸಿ, ನೀರು ಹಾಯಿಸಿ ಎರಡು ವಾರ ಬಿಡಿ. ಅಡಗಿದ್ದ ಬೀಜ, ಗಡ್ಡೆಗಳು ಮೊಳೆಯುತ್ತವೆ. ಅವನ್ನು ತೆಗೆದು ಮತ್ತೊಮ್ಮೆ ಹಾಗೆಯೇ ಮಾಡಿ. ಜೇಕು ತುಂಬಿದ ಜಾಗವಾದರೆ ಮೂರನೇ ಸಲವೂ ಬೇಕಾಗುತ್ತದೆ. ಈ ಒಂದೂವರೆ ತಿಂಗಳು ಕಾದವರು ಮುಂದೆ ವರ್ಷಗಟ್ಟಲೆ ಕಳೆ ಕೀಳುವುದರಿಂದ ಪಾರಾಗುತ್ತಾರೆ.

ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗಿಣ್ಣುಗಳಿರುವ ಗೇಣುದ್ದದ ತುಂಡುಗಳನ್ನು 25 ಸೆಂಟಿಮೀಟರ್ ಅಂತರದಲ್ಲಿ ನೆಡಿ. ಚದರ ಮೀಟರಿಗೆ 16 ತುಂಡು ಸಾಕು. ಬೇಗ ಮುಚ್ಚಲಿ ಎಂದು 20 ಸೆಂಟಿಮೀಟರಿಗೆ ಇಳಿಸಿದರೆ 25 ಬೇಕಾಗುತ್ತದೆ. ಒಂದು ಸಾಲಿನ ಗಿಡ ಮುಂದಿನ ಸಾಲಿನ ಎರಡು ಗಿಡಗಳ ನಡುವೆ ಬರುವಂತಿರಲಿ. ಇಳಿಜಾರಿನಲ್ಲಿ ನೀರಿಗೆ ನೇರ ದಾರಿ ಸಿಗದಿರಲು ಇದೇ ಉಪಾಯ. ನಡುವಿನ ಮಣ್ಣಿಗೆ ದರಕನ್ನೋ ಒಣಹುಲ್ಲನ್ನೋ ತೆಳ್ಳಗೆ ಹಾಸಿ. ಕರಾವಳಿ ಮಲೆನಾಡಿನಲ್ಲಿ ಜುಲೈ ತಿಂಗಳ ಜಡಿಮಳೆ ಎಳೆ ತುಂಡುಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ಆದ್ದರಿಂದ ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇ ಕೊನೆ, ಇಲ್ಲವೇ ಮಳೆ ಇಳಿಮುಖವಾಗುವ ಸೆಪ್ಟೆಂಬರ್ ಒಳ್ಳೆಯದು. ಬೆಂಗಳೂರು, ಮೈಸೂರು ಕಡೆ ಜೂನ್ ಆದರೂ ಆದೀತು. ಮರದ ಕಾಂಡಕ್ಕೆ ತಾಗಿಸಿ ನೆಡಬೇಡಿ, ಸುತ್ತ ಒಂದು ಅಡಿ ಬಿಡಿ. ಕಾಲುದಾರಿಯ ಅಂಚಿಗೆ ಕಲ್ಲು ಕೂರಿಸಿ, ಎರಡು ತಿಂಗಳಿಗೊಮ್ಮೆ ಗುದ್ದಲಿಯಿಂದ ಗೆರೆ ಎಳೆದಂತೆ ಅಂಚು ಕಡಿಯಿರಿ. ಮೂರು ನಾಲ್ಕು ವರ್ಷಕ್ಕೆ ನಡುಭಾಗ ತೆಳುವಾದರೆ ಅಲ್ಲಿ ಮಣ್ಣು ಸಡಿಲಿಸಿ, ಅಂಚಿನಲ್ಲಿ ಕಡಿದ ತುಂಡುಗಳನ್ನೇ ನೆಟ್ಟರಾಯಿತು.

‘ಹಾವು ಬರಲ್ವಾ?’ ಎಂದು ಕೇಳದ ಮನೆಯಿಲ್ಲ. ಇದು ಹಗುರವಾಗಿ ತೆಗೆದುಕೊಳ್ಳುವ ಪ್ರಶ್ನೆಯಲ್ಲ. ಹಾವು ಬರುವುದು ಇಲಿ ಕಪ್ಪೆಗಳ ಬೆನ್ನಿಗೆ; ಅದು ಕಾಣದಂತೆ ಅಡಗಲು ಜಾಗವಿದ್ದರೆ ಅಪಾಯ. ಹಾಗಾಗಿ ಮೆಟ್ಟಿಲು, ಬಾಗಿಲು, ಓಡಾಡುವ ದಾರಿಯ ಪಕ್ಕ ಎರಡು ಮೂರು ಅಡಿ ನೆಲವನ್ನು ತೆರೆದೇ ಇಡಿ, ಹೊದಿಕೆ ಪಾದದ ಗಂಟಿನ ಮೇಲೆ ಏಳದಂತೆ ಸವರಿ, ಕಳೆ ಕೀಳುವಾಗ ಮೊದಲು ಕೋಲಿನಿಂದ ಸರಿಸಿ ನೋಡಿ, ಆಮೇಲೆ ಕೈ ಹಾಕಿ. ಮಲೆನಾಡಿನಲ್ಲಿ ಉಂಬಳಗಳೂ ತೇವದ ಹೊದಿಕೆಯಲ್ಲಿ ಹೆಚ್ಚು. ಆಫ್ರಿಕನ್ ಬಸವನಹುಳು ಇರುವ ಊರಾದರೆ ಮಳೆಗಾಲದ ಸಂಜೆ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿಗೆ ಹಾಕಲೇಬೇಕು. ಇನ್ನು ಅಡಿಕೆ ಒಣಗಿಸುವ, ಭತ್ತ ಹರಡುವ ಅಂಗಳವನ್ನು ಮುಚ್ಚುವ ಮಾತೇ ಇಲ್ಲ. ಅದು ದುಡಿಯುವ ಜಾಗ, ಬರಿದಾಗಿಯೇ ಇರಬೇಕು.

ನಗರದವರಿಗೆ ನೀರಿನ ಲೆಕ್ಕವೊಂದನ್ನು ಹೇಳಬೇಕು. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಲು ದಿನಕ್ಕೆ ನಾಲ್ಕು ಮಿಲಿಮೀಟರಿನಷ್ಟಾದರೂ ನೀರು ಬೇಕು. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್. 500 ಚದರ ಅಡಿಯ ಹುಲ್ಲುಹಾಸಿಗೆ ದಿನಕ್ಕೆ ಹೆಚ್ಚು ಕಡಿಮೆ 185 ಲೀಟರ್ ಆಯಿತು. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದು ಎಲ್ಲರಿಗೂ ನೆನಪಿದೆ. ನೆಲಹೊದಿಕೆಗೆ ನೀರೇ ಬೇಡ ಎಂದು ನಾನು ಹೇಳುವುದಿಲ್ಲ, ಹಸಿರೆಲೆ ಇರುವ ಯಾವ ಗಿಡವಾದರೂ ನೀರು ಆವಿಯಾಗಿಸುತ್ತದೆ. ಆದರೆ ನೆರಳಿನ ಗಿಡಕ್ಕೆ ನೆರಳು, ಬರ ತಾಳುವ ಗಿಡಕ್ಕೆ ಬಿಸಿಲು ಎಂದು ಜಾಗ ನೋಡಿ ಆರಿಸಿದರೆ ಪಾತ್ರೆ, ಅಕ್ಕಿ ತರಕಾರಿ ತೊಳೆದ ನೀರಿನಲ್ಲೇ ಸಣ್ಣ ಅಂಗಳ ಬದುಕುತ್ತದೆ. ಇಡೀ ಅಂಗಳಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿ, ಮಳೆ ಬಂದಾಗ ರಸ್ತೆಗೆ ನೀರು ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವುದು ಸರಿಯಾದ ಬದುಕಲ್ಲ. ಗಾಡಿ ನಿಲ್ಲುವಷ್ಟು ಜಾಗಕ್ಕೆ ಟೈಲ್ಸ್ ಇರಲಿ, ಉಳಿದ ನೆಲ ಮಣ್ಣಾಗಿಯೇ ಉಳಿಯಲಿ.

ಓದುಗರಲ್ಲಿ ನನ್ನ ವಿನಂತಿ ಎರಡೇ. ಮುಂದಿನ ಸಲ ನರ್ಸರಿಗೆ ಹೋದಾಗ ನೆಲಹಿಪ್ಪಲಿ ಇದೆಯೇ, ಒಂದೆಲಗ ಇದೆಯೇ ಎಂದು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅವರು ತರಿಸಿಟ್ಟಿರುತ್ತಾರೆ. ನಿಮ್ಮ ಮನೆಯಲ್ಲಿ ವೆಡೇಲಿಯಾ ಇದ್ದರೆ, ಹೂವು ಚೆನ್ನಾಗಿದೆ ಎಂದು ಎಷ್ಟೇ ಆಪ್ತರು ಕೇಳಿದರೂ ಅದರ ಒಂದು ತುಂಡನ್ನೂ ಕೊಡಬೇಡಿ, ಕಿತ್ತದ್ದನ್ನು ಬೇಲಿಯಾಚೆ ಎಸೆಯಬೇಡಿ.